ರಾಡ್ ಹಿಡಿಯುವುದೇ, ಯಂತ್ರದ ಮೇಲೆ ಕೂರುವುದೇ?

ವಿರಾಜಪೇಟೆಯ ನಮ್ಮ ಜಿಮ್‌ನಲ್ಲಿ ಇರುವುದು ಒಂದೇ ಸ್ಕ್ವಾಟ್ ರ್ಯಾಕ್. ಭಾರದ ಕಬ್ಬಿಣದ ರಾಡನ್ನು ಹೆಗಲ ಮೇಲಿಟ್ಟು ಕುಕ್ಕರಗಾಲಿನಲ್ಲಿ ಕೂತು ಏಳುವುದು ಸ್ಕ್ವಾಟ್, ಆ ರಾಡನ್ನು ಇಡುವ ಚೌಕಟ್ಟು ರ್ಯಾಕ್. ಆದರೂ ಅದಕ್ಕಾಗಿ ಯಾರೂ ಜಗಳವಾಡಿದ್ದಿಲ್ಲ. ಕಳೆದ ಜುಲೈವರೆಗೆ ಬೆಳಿಗ್ಗೆ ಐದೂವರೆಗೆ ಅದನ್ನು ಬಳಸುವವಳು ನಾನೊಬ್ಬಳೇ. ಟ್ರೆಡ್‌ಮಿಲ್‌ಗೆ ಸಾಲು, ಕೂತು ಕಾಲಿನಿಂದ ಭಾರ ತಳ್ಳುವ ಲೆಗ್ ಪ್ರೆಸ್‌ಗೆ ಸಾಲು. ಸಾಲಿನಲ್ಲಿ ನಿಂತವರು ಹೊತ್ತು ಕಳೆಯಲು ನನ್ನನ್ನು ನೋಡುತ್ತಾರೆ, ಆಮೇಲೆ ಕೇಳುತ್ತಾರೆ. "ಟೀಚರ್, ಬೆನ್ನು ಹಿಡಿದುಕೊಳ್ಳುವುದಿಲ್ಲವೇ?" "ಟೀಚರ್, ಗಂಡಸರ ಹಾಗೆ ತೋಳು ಬಂದುಬಿಟ್ಟರೆ?" "ಇಷ್ಟೆಲ್ಲ ಯಂತ್ರ ಇರುವಾಗ ಈ ಕಬ್ಬಿಣದ ಕೋಲು ಯಾಕೆ?"

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ತರಬೇತುದಾರಳಲ್ಲ. ನಲವತ್ತೊಂದನೆಯ ವಯಸ್ಸಿನಲ್ಲಿ ಶುರುಮಾಡಿ ಈಗ ನಾಲ್ಕನೆಯ ಮಳೆಗಾಲ ಕಾಣುತ್ತಿದ್ದೇನೆ. ಎರಡು ಸೆಟ್‌ಗಳ (ನಡುವೆ ನಿಲ್ಲಿಸದೆ ಎತ್ತುವ ಒಂದೊಂದು ಸುತ್ತು) ನಡುವಿನ ಮೂರು ನಿಮಿಷದಲ್ಲಿ ಹೇಳಿ ಮುಗಿಸುವ ಉತ್ತರ ಇದಲ್ಲವಾದ್ದರಿಂದ ಬರೆದಿಟ್ಟಿದ್ದೇನೆ. ನಾನು ರಾಡಿನ ಪಕ್ಷದವಳು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಿ. ಹಾಗೆಂದು ಎಲ್ಲರನ್ನೂ ರಾಡಿನ ಕೆಳಗೆ ತಳ್ಳುವ ಉದ್ದೇಶ ನನಗಿಲ್ಲ. ಈ ಬರಹ ಓದಿ ನಾಲ್ಕು ಜನ ಲೆಗ್ ಪ್ರೆಸ್ಸಿನಲ್ಲೇ ಉಳಿದರೂ ಸರಿ, ಯಾಕೆ ಉಳಿದೆವೆಂದು ಅವರಿಗೆ ಗೊತ್ತಿದ್ದರಾಯಿತು.

ಅಳತೆಗೋಲು

ಯಾವುದನ್ನು ಆರಿಸಿದರೂ ನಾನು ಕೇಳುವುದು ಒಂದೇ ಪ್ರಶ್ನೆ: ಮುಂದಿನ ವಾರ ಇದಕ್ಕಿಂತ ಸ್ವಲ್ಪ ಹೆಚ್ಚು ಎತ್ತಲು ಸಾಧ್ಯವೇ, ಎತ್ತಿದ್ದು ನಿಜವೆಂದು ಲೆಕ್ಕ ಸಿಗುತ್ತದೆಯೇ? ಭಾರ ಸ್ವಲ್ಪಸ್ವಲ್ಪವೇ ಏರಿದಾಗ ದೇಹ ಅದಕ್ಕೆ ತಕ್ಕ ಹಾಗೆ ಬಲಿಯುತ್ತದೆ, ಏರದಿದ್ದರೆ ಇದ್ದಲ್ಲೇ ಇರುತ್ತದೆ. ಇದನ್ನು ವೈದ್ಯಕೀಯಕ್ಕೆ ತಂದವರು ಅಮೆರಿಕದ ಸೇನಾ ವೈದ್ಯ ಥಾಮಸ್ ಡೆಲಾರ್ಮ್. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡು ಶಿಕಾಗೋದ ಸೇನಾ ಆಸ್ಪತ್ರೆಗೆ ಬಂದ ಸೈನಿಕರ ಮೊಣಕಾಲುಗಳಿಗೆ, ಹಗುರ ವ್ಯಾಯಾಮವನ್ನು ನೂರಾರು ಸಲ ಮಾಡಿಸುವ ಬದಲು, ಭಾರವನ್ನು ಕೆಲವೇ ಸಲ ಎತ್ತಿಸಿ, ವಾರದಿಂದ ವಾರಕ್ಕೆ ಏರಿಸುತ್ತಾ ಹೋದರು. 1945ರಲ್ಲಿ ಅದನ್ನು ಪ್ರಕಟಿಸಿದರು. ನಮ್ಮ ಜಿಮ್‌ಗೆ ಬರುವ ನಿವೃತ್ತ ಸುಬೇದಾರರೊಬ್ಬರು "ಇದೆಲ್ಲ ಹುಡುಗರ ಶೋಕಿ" ಎಂದಾಗ ನಾನು ಈ ಕಥೆ ಹೇಳಿದೆ. ಸೇನೆಯ ಆಸ್ಪತ್ರೆ ಎಂದ ಮೇಲೆ ಅವರ ದನಿ ಸ್ವಲ್ಪ ಇಳಿಯಿತು.

ಈ ಅಳತೆಗೋಲು ಹಿಡಿದು ಮೊದಲು ಡಂಬೆಲ್ ನೋಡೋಣ. ನಮ್ಮ ಜಿಮ್‌ನಲ್ಲಿ ಡಂಬೆಲ್‌ಗಳು ಎರಡೂವರೆ ಕೆ.ಜಿ. ಅಂತರದಲ್ಲಿವೆ. 10ರಿಂದ ಮುಂದಿನದು 12.5. ಅಂದರೆ ಒಂದೇ ಹೆಜ್ಜೆಗೆ ಶೇಕಡಾ 25ರ ಏರಿಕೆ. ಸಂಬಳ ಹಾಗೆ ಏರಿದರೆ ಸಂತೋಷ. ಭುಜದ ಕೀಲಿಗೆ ಅದು ಹೆಚ್ಚಾಯಿತು. ಹೀಗಾಗಿ ಎಷ್ಟೋ ಹೆಂಗಸರು 5 ಕೆ.ಜಿ. ಡಂಬೆಲ್ ಹಿಡಿದು ಎರಡು ವರ್ಷ ಅಲ್ಲೇ ನಿಂತುಬಿಡುತ್ತಾರೆ. ಅವರಲ್ಲಿ ಶಕ್ತಿ ಇಲ್ಲವೆಂದಲ್ಲ, ಮುಂದಿನ ಮೆಟ್ಟಿಲು ಅಷ್ಟು ಎತ್ತರವಿದೆ. ರಾಡಿನಲ್ಲಾದರೆ ಎರಡೂ ಕಡೆ ಒಂದೂಕಾಲು ಕೆ.ಜಿ. ಪ್ಲೇಟ್ ಸೇರಿಸಿದರೆ ಒಟ್ಟು ಎರಡೂವರೆ. 40 ಕೆ.ಜಿ. ಎತ್ತುವವರಿಗೆ ಅದು ಶೇಕಡಾ ಆರಕ್ಕಿಂತ ಸ್ವಲ್ಪ ಹೆಚ್ಚು.

ಡಂಬೆಲ್‌ಗೆ ಅದರದೇ ಗುಣವಿದೆ. ಎಡಗೈ ಬಲಗೈ ಬೇರೆಬೇರೆ ದುಡಿಯಬೇಕಾದ್ದರಿಂದ ಬಲಗೈ ಮೋಸ ಮಾಡುವಂತಿಲ್ಲ. ಭುಜ ನೋಯುವವರು ಮಣಿಕಟ್ಟನ್ನು ತಮಗೆ ಬೇಕಾದ ಕೋನಕ್ಕೆ ತಿರುಗಿಸಿಕೊಳ್ಳಬಹುದು. ಮನೆಯ ಮೂಲೆಯಲ್ಲಿ ಇಟ್ಟುಕೊಳ್ಳಬಹುದು. ಭುಜಕ್ಕೆ, ಎದೆಗೆ, ತೋಳಿಗೆ ಅದು ಒಳ್ಳೆಯ ಆಯ್ಕೆ. ಕಾಲು, ಸೊಂಟಕ್ಕೆ ಬಂದಾಗ ಸೋಲುತ್ತದೆ, ಏಕೆಂದರೆ ಕಾಲಿಗೆ ಭಾರವೆನಿಸುವ ಮೊದಲೇ ಹಿಡಿತ ಬಿಟ್ಟುಹೋಗುತ್ತದೆ.

ಲೆಗ್ ಪ್ರೆಸ್ ಮತ್ತು ತ್ರಿಕೋನಮಿತಿ

ಯಂತ್ರಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಜಿಮ್‌ನಲ್ಲಿ ಮುಕ್ಕಾಲು ಜನ ಇರುವುದು ಅಲ್ಲೇ.

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಲೆಗ್ ಪ್ರೆಸ್ಸಿನಲ್ಲಿ 200 ಕೆ.ಜಿ. ಪ್ಲೇಟ್ ಹಾಕಿ ತಳ್ಳಿ, "ಮಿಸ್, ನಿಮ್ಮ ಸ್ಕ್ವಾಟ್ ಎಷ್ಟು?" ಎಂದು ಕೇಳಿದ. ಆಗ ನನ್ನದು 50. ಅವನನ್ನು ಯಂತ್ರದ ಪಕ್ಕದಲ್ಲೇ ನಿಲ್ಲಿಸಿ ಹತ್ತನೆಯ ತರಗತಿಯ ಪಾಠ ನೆನಪಿಸಿದೆ. ಹಳಿ ನೆಲಕ್ಕೆ 45 ಡಿಗ್ರಿ ಓರೆಯಾಗಿದೆ. ಓರೆಯಲ್ಲಿ ತಳ್ಳುವಾಗ ಕಾಲಿಗೆ ಬರುವುದು ಪೂರ್ತಿ ಭಾರವಲ್ಲ, ಭಾರದ ಸೈನ್ 45ರಷ್ಟು ಮಾತ್ರ. 200ನ್ನು 0.707ರಿಂದ ಗುಣಿಸಿದರೆ ಸುಮಾರು 141. ಪ್ಲೇಟ್ ಹೊತ್ತು ಹಳಿಯ ಮೇಲೆ ಜಾರುವ ಗಾಡಿಯ ಸ್ವಂತ ತೂಕ ಇದಕ್ಕೆ ಸೇರುತ್ತದೆ, ನಿಜ. ಆದರೆ ಅದು ಎಷ್ಟೆಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಸ್ಕ್ವಾಟ್ ಮಾಡುವವರಾದರೆ ರಾಡಿನ ಜೊತೆಗೆ ತಮ್ಮ ಮೈಯನ್ನೂ ಎತ್ತಬೇಕು, ಅದೂ ಬೆನ್ನಿಗೆ ಯಾವ ದಿಂಬೂ ಇಲ್ಲದೆ. "ಇದು ಎಲ್ಲಿ ಉಪಯೋಗಕ್ಕೆ ಬರುತ್ತದೆ ಮಿಸ್?" ಎಂದು ತರಗತಿಯಲ್ಲಿ ಕೇಳಿದವನೂ ಇವನೇ. ಉತ್ತರ ಸಿಗಲು ಒಂಬತ್ತು ವರ್ಷ ಬೇಕಾಯಿತು.

ರಾಟೆ ಇರುವ ಯಂತ್ರಗಳಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಹಗ್ಗ ಎಷ್ಟು ರಾಟೆಗಳ ಮೇಲೆ ಹಾದುಬರುತ್ತದೆ ಎಂಬುದರ ಮೇಲೆ 40 ಎಂದು ಬರೆದ ತೂಕದ ಇಟ್ಟಿಗೆ ಕೈಗೆ 20ರಂತೆ ಅನಿಸಬಹುದು. ಮಡಿಕೇರಿಯ ಜಿಮ್‌ನಲ್ಲಿ ಎಳೆದ 40ಕ್ಕೂ ಗೋಣಿಕೊಪ್ಪದಲ್ಲಿ ಎಳೆದ 40ಕ್ಕೂ ಸಂಬಂಧವಿಲ್ಲ. ರಾಡಿಗೆ ಈ ತಕರಾರಿಲ್ಲ, 50 ಕೆ.ಜಿ. ಎಲ್ಲಿ ಹೋದರೂ 50 ಕೆ.ಜಿ.

ಇಷ್ಟು ಬೈದ ಮೇಲೆ ಯಂತ್ರದ ಪರವಾಗಿಯೂ ನ್ಯಾಯ ಹೇಳಬೇಕು. ಬರೀ ಸ್ನಾಯು ಬೆಳೆಸುವುದಷ್ಟೇ ಗುರಿಯಾದರೆ ಯಂತ್ರಕ್ಕೂ ರಾಡಿಗೂ ದೊಡ್ಡ ವ್ಯತ್ಯಾಸ ಅಧ್ಯಯನಗಳಲ್ಲಿ ಕಂಡಿಲ್ಲ. ಕಲಿಯಲು ಹತ್ತು ನಿಮಿಷ ಸಾಕು. ಸುಸ್ತಾದಾಗ ಬಿಟ್ಟರೆ ಇಟ್ಟಿಗೆ ತನ್ನ ಜಾಗಕ್ಕೆ ಇಳಿಯುತ್ತದೆ, ಎದೆಯ ಮೇಲೆ ಬೀಳುವುದಿಲ್ಲ. ವಯಸ್ಸಾದವರ ವಿಷಯದಲ್ಲಿ ನನಗೆ ತುಂಬ ಹಿಡಿಸಿದ ಪ್ರಯೋಗವೂ ಯಂತ್ರದಲ್ಲೇ ನಡೆದದ್ದು. 1990ರಲ್ಲಿ ಪ್ರಕಟವಾದ, ಅಮೆರಿಕದ ಬಾಸ್ಟನ್ನಿನ ಆ ಅಧ್ಯಯನದಲ್ಲಿ ವೃದ್ಧಾಶ್ರಮದ ಹತ್ತು ಜನ, 86ರಿಂದ 96 ವರ್ಷದವರು, ಎಂಟು ವಾರ ಕುಳಿತಲ್ಲೇ ಮೊಣಕಾಲು ಚಾಚಿ ಭಾರ ಎತ್ತಿದರು. ತೊಡೆಯ ಬಲ ಸರಾಸರಿ ಶೇಕಡಾ 174 ಹೆಚ್ಚಿತು. ಸುಬೇದಾರರಿಗೆ ಇದನ್ನು ಹೇಳಿದಾಗ, "ಹಾಗಾದರೆ ನನಗೆ ಇನ್ನೂ ಇಪ್ಪತ್ತು ವರ್ಷ ಸಮಯವಿದೆ ಬಿಡಮ್ಮಾ" ಎಂದರು. ಅದು ಉತ್ತರವಲ್ಲ ಎಂದು ಅವರಿಗೂ ಗೊತ್ತು.

ಸ್ಮಿತ್ ಮಷೀನ್ ಎಂಬುದೊಂದಿದೆ. ಹಳಿಗಳ ನಡುವೆ ಸಿಕ್ಕಿಸಿದ ರಾಡ್ ಅದು. ನೋಡಲು ರಾಡ್, ಒಳಗೆ ಯಂತ್ರ. ಸ್ಕ್ವಾಟ್ ಮಾಡುವಾಗ ರಾಡ್ ತನ್ನ ದಾರಿ ಬಿಡುವುದಿಲ್ಲವಾದ್ದರಿಂದ ನಿಮ್ಮ ಮೊಣಕಾಲೇ ಅದಕ್ಕೆ ಹೊಂದಿಕೊಳ್ಳಬೇಕು. ಒಬ್ಬರೇ ಇರುವಾಗ ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ರಾಡನ್ನು ಎದೆಯಿಂದ ಮೇಲಕ್ಕೆ ತಳ್ಳುವುದು) ಮಾಡಲು ಒಳ್ಳೆಯದು, ಎಲ್ಲಿ ಬೇಕಾದರೂ ಕೊಕ್ಕೆ ಸಿಕ್ಕಿಸಬಹುದು. ಅದಕ್ಕಿಂತ ಹೆಚ್ಚಿನ ಮರ್ಯಾದೆ ನಾನು ಅದಕ್ಕೆ ಕೊಡುವುದಿಲ್ಲ.

ಇನ್ನು ಗರಡಿಮನೆಯ ದಂಡ, ಬಸ್ಕಿ. ಖರ್ಚಿಲ್ಲ, ಎಲ್ಲಿ ಬೇಕಾದರೂ ಮಾಡಬಹುದು. ಒಂದು ದಂಡದಲ್ಲಿ ಕೈಗಳ ಮೇಲೆ ಮೈತೂಕದ ಸುಮಾರು ಮೂರನೆಯ ಎರಡು ಭಾಗ ಬೀಳುತ್ತದೆ. ಆದರೆ ಐವತ್ತು ಬಸ್ಕಿ ಸಲೀಸಾದ ಮೇಲೆ ಮುಂದೇನು? ನೂರು. ಆಮೇಲೆ ಇನ್ನೂರು. ಅಲ್ಲಿಂದ ಬೆಳೆಯುವುದು ದಮ್ಮು, ಬಲವಲ್ಲ.

"ಗಂಡಸರ ಹಾಗೆ ಆಗಿಬಿಟ್ಟರೆ?"

ಈ ಪ್ರಶ್ನೆ ಕೇಳುವವರಿಗೆ ನಾನು ತೋಟದ ಉದಾಹರಣೆ ಕೊಡುತ್ತೇನೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ನಮ್ಮ ಸುತ್ತಮುತ್ತ ಕಾಫಿ ಕುಯ್ಯುವ ಹೆಂಗಸರು ಹಣ್ಣು ತುಂಬಿದ ಚೀಲವನ್ನು ತಲೆಯ ಮೇಲಿಟ್ಟುಕೊಂಡು, ಜಾರುವ ಇಳಿಜಾರು ಹತ್ತಿ, ತೂಗುವ ಜಾಗಕ್ಕೆ ತರುತ್ತಾರೆ. ಅವರಿಗೆ ಯಾರೂ "ಬೇಡಮ್ಮ, ಗಂಡಸಿನ ಹಾಗೆ ಆಗಿಬಿಡುತ್ತೀಯ" ಎಂದು ಹೇಳಿದ್ದು ನಾನು ಕೇಳಿಲ್ಲ. ಅದೇ ಭಾರ ಜಿಮ್‌ನಲ್ಲಿ ಎತ್ತಿದರೆ ಮಾತ್ರ ಭಯ. ಗಂಡಸರ ದೇಹದಲ್ಲಿ ಟೆಸ್ಟೋಸ್ಟಿರೋನ್ ನಮ್ಮದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚಿರುತ್ತದೆ. ಆ ತೋಳು ಬೇಕೆಂದು ಹಟ ಹಿಡಿದರೂ ನಮಗೆ ಸುಲಭಕ್ಕೆ ಬರುವುದಿಲ್ಲ. 2000ದಲ್ಲಿ ಸಿಡ್ನಿಯಲ್ಲಿ ಕರ್ಣಂ ಮಲ್ಲೇಶ್ವರಿ ಒಟ್ಟು 240 ಕೆ.ಜಿ. ಎತ್ತಿ ಕಂಚು ಗೆದ್ದರು, ಒಲಿಂಪಿಕ್ ಪದಕ ಪಡೆದ ಭಾರತದ ಮೊದಲ ಮಹಿಳೆಯಾದರು. ಆ ಮಟ್ಟ ಮುಟ್ಟಲು ಇಡೀ ಯೌವನವನ್ನೇ ಕೊಡಬೇಕು. ವಾರಕ್ಕೆ ಮೂರು ದಿನ, ಒಂದೊಂದು ಗಂಟೆ ಬರುವ ನಮಗೆ ಆ ಚಿಂತೆ ಬೇಡ.

ನಮ್ಮ ವಯಸ್ಸಿಗೆ ನಿಜವಾಗಿ ಚಿಂತೆ ಮಾಡಬೇಕಾದದ್ದು ಮೂಳೆಯ ಬಗ್ಗೆ. ಮುಟ್ಟು ನಿಂತ ಮೇಲೆ ಮೂಳೆ ಬೇಗ ತೆಳುವಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಹೀಗೆ ಮೂಳೆ ಸವೆದ, ಮುಟ್ಟು ನಿಂತ ಹೆಂಗಸರಿಗೆ ಎಂಟು ತಿಂಗಳು, ವಾರಕ್ಕೆ ಎರಡು ದಿನ, ಅರ್ಧ ಗಂಟೆಯಂತೆ ಡೆಡ್‌ಲಿಫ್ಟ್ (ನೆಲದ ಮೇಲಿನ ರಾಡನ್ನು ಹಿಡಿದು ನೆಟ್ಟಗೆ ನಿಲ್ಲುವುದು), ಸ್ಕ್ವಾಟ್, ತಲೆಯ ಮೇಲೆತ್ತುವ ಪ್ರೆಸ್ ಮತ್ತು ಒಂದು ಬಗೆಯ ಜಿಗಿತ ಮಾಡಿಸಿದರು. ಭಾರವೂ ಸಣ್ಣದಲ್ಲ, ಐದೈದು ಬಾರಿಗೆ ಸಾಕಪ್ಪ ಎನ್ನಿಸುವಷ್ಟು. ಸೊಂಟದ ಬೆನ್ನುಮೂಳೆ, ತೊಡೆಮೂಳೆಯ ಕತ್ತು ಎರಡರಲ್ಲೂ ಸಾಂದ್ರತೆ ಹೆಚ್ಚಿತು. ಒಂದು ಷರತ್ತು ಮರೆಯಬೇಡಿ: ಅದೆಲ್ಲ ಪರಿಣತರ ಕಣ್ಣೆದುರೇ ನಡೆದದ್ದು. ನಮ್ಮ ಜಿಮ್‌ನಲ್ಲಿ ಮೊಬೈಲ್ ನೋಡುತ್ತಾ ನಿಲ್ಲುವ ಹುಡುಗನ ಕಣ್ಣೆದುರು ಅಲ್ಲ.

ರಾಡಿನ ದೋಷಗಳು

ಕಲಿಯಲು ಹೊತ್ತು ಬೇಕು. ನನಗೆ ಸ್ಕ್ವಾಟ್ ಒಂದು ಹದಕ್ಕೆ ಬರಲು ಎರಡು ತಿಂಗಳು ಹಿಡಿಯಿತು, ಡೆಡ್‌ಲಿಫ್ಟ್‌ನಲ್ಲಿ ಬೆನ್ನು ಬಾಗದಂತೆ ನಿಲ್ಲಲು ಇನ್ನೂ ಹೆಚ್ಚು. ಹೇಳಿಕೊಡುವವರಿಲ್ಲದಿದ್ದರೆ ಪಕ್ಕದಿಂದ ವಿಡಿಯೊ ತೆಗೆಸಿಕೊಂಡು ನೋಡುವುದು ಎರಡನೆಯ ದಾರಿ. ಕನ್ನಡಿ ನೋಡಬೇಡಿ, ಕತ್ತು ತಿರುಗುತ್ತದೆ.

ರ್ಯಾಕ್ ಇಲ್ಲದ ಜಿಮ್‌ನಲ್ಲಿ ಭಾರದ ಸ್ಕ್ವಾಟ್ ಬೇಡವೇ ಬೇಡ. ರ್ಯಾಕ್ ಇದ್ದರೆ ಅಡ್ಡ ಸರಳುಗಳನ್ನು ನೀವು ತಳಕ್ಕೆ ಇಳಿದಾಗ ರಾಡ್ ಇರುವ ಎತ್ತರಕ್ಕಿಂತ ಒಂದು ಬೆರಳು ಕೆಳಗೆ ಹಾಕಿ. ಏಳಲಾಗದಿದ್ದರೆ ಅಲ್ಲೇ ಕೂತು ರಾಡನ್ನು ಅದರ ಮೇಲೆ ಬಿಡಬಹುದು. ಬೆಂಚ್ ಪ್ರೆಸ್ ಒಬ್ಬರೇ ಮಾಡುವುದಾದರೆ ತುದಿಗಳಿಗೆ ಲಾಕ್ ಹಾಕಬೇಡಿ. ಎದೆಯ ಮೇಲೆ ಸಿಕ್ಕಿಕೊಂಡರೆ ಒಂದು ಕಡೆ ವಾಲಿಸಿ ಪ್ಲೇಟ್ ಬೀಳಿಸಿ ಹೊರಬರಬಹುದು. ಸದ್ದಾಗುತ್ತದೆ, ಮಾಲೀಕರು ಬೈಯುತ್ತಾರೆ, ಪಕ್ಕೆಲುಬು ಉಳಿಯುತ್ತದೆ. ಹೆಬ್ಬೆರಳು ರಾಡನ್ನು ಸುತ್ತಿಯೇ ಇರಲಿ.

ಭಾರ ಎತ್ತುವಾಗ ಉಸಿರು ಕಟ್ಟಿ ಹೊಟ್ಟೆ ಬಿಗಿ ಹಿಡಿಯುತ್ತೇವೆ, ಆ ಕ್ಷಣ ರಕ್ತದೊತ್ತಡ ಏರುತ್ತದೆ. ಬಿ.ಪಿ. ಹತೋಟಿಯಲ್ಲಿ ಇಲ್ಲದವರು, ಹರ್ನಿಯಾ ಇರುವವರು, ಈಚೆಗೆ ಶಸ್ತ್ರಚಿಕಿತ್ಸೆ ಆದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಶುರುಮಾಡಬಾರದು.

ರಾಡನ್ನೇ ಆರಿಸಿದರೆ

ನಾಲ್ಕು ಬಗೆಯಲ್ಲಿ ಭಾರ ಎತ್ತಿದರೆ ಸಾಕು: ಸ್ಕ್ವಾಟ್, ಡೆಡ್‌ಲಿಫ್ಟ್, ಬೆಂಚ್ ಪ್ರೆಸ್, ನಿಂತು ತಲೆಯ ಮೇಲೆತ್ತುವ ಪ್ರೆಸ್. ಕೊನೆಯ ಎರಡರಲ್ಲಿ ಒಂದನ್ನೇ ಆರಿಸಿ ಎಂದರೆ ನಾನು ತಲೆಯ ಮೇಲೆತ್ತುವುದನ್ನು ಆರಿಸುತ್ತೇನೆ. ಬೆಂಚಿಗೆ ಕಾಯಬೇಕಿಲ್ಲ, ಅಟ್ಟಕ್ಕೆ ಪಾತ್ರೆ ಇಡುವಾಗ ಉಪಯೋಗ ತಿಳಿಯುತ್ತದೆ. ನೆಲದಿಂದ ಒಂದೇ ಬೀಸಿಗೆ ತಲೆಯ ಮೇಲೆ ಒಯ್ಯುವ ಸ್ನ್ಯಾಚ್, ಮೊದಲು ಹೆಗಲಿಗೆ, ಆಮೇಲೆ ತಲೆಯ ಮೇಲೆ ಒಯ್ಯುವ ಕ್ಲೀನ್ ಅಂಡ್ ಜರ್ಕ್ ಬೇರೆಯೇ ವಿದ್ಯೆ. ಕುಂದಾಪುರದ ಕಡೆಯ ಗುರುರಾಜ ಪೂಜಾರಿ 2022ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 61 ಕೆ.ಜಿ. ವಿಭಾಗದಲ್ಲಿ ಒಟ್ಟು 269 ಕೆ.ಜಿ. ಎತ್ತಿ ಕಂಚು ತಂದದ್ದು ಅದರಲ್ಲೇ. ಗುರುವಿಲ್ಲದೆ ಅದಕ್ಕೆ ಕೈಹಾಕಬೇಡಿ, ನಮ್ಮ ಜಿಮ್‌ನ ಟೈಲ್ಸ್ ಕೂಡ ಅದಕ್ಕೆ ತಕ್ಕದ್ದಲ್ಲ.

ಹತ್ತು ಬಾರಿಯ ಸೆಟ್ಟೋ, ಐದು ಬಾರಿಯದೋ? ಮೊದಲ ಎರಡು ವಾರ ಖಾಲಿ ರಾಡಿನಲ್ಲಿ ಎಂಟು, ಹತ್ತು ಬಾರಿ ಮಾಡಿ, ಮೈಗೆ ದಾರಿ ಗೊತ್ತಾಗಲಿ. ಆಮೇಲೆ ಐದೈದರ ಮೂರು ಸೆಟ್. ಹತ್ತರ ಸೆಟ್‌ನಲ್ಲಿ ಕೊನೆಯ ಮೂರು ಬಾರಿ ಸುಸ್ತಿಗೆ ಭಂಗಿ ಕೆಡುತ್ತದೆ, ಹೊಸಬರಿಗೆ ಅದೇ ಅಪಾಯ. ಪ್ರತಿ ಸಲ ಎಲ್ಲ ಹದಿನೈದೂ ಸರಿಯಾಗಿ ಬಂದರೆ ಮುಂದಿನ ಸಲ ಎರಡೂವರೆ ಕೆ.ಜಿ. ಸೇರಿಸಿ. ಬಾರದಿದ್ದರೆ ಅದೇ ತೂಕ ಇನ್ನೊಮ್ಮೆ. ಮೂರು ಸಲವೂ ಬಾರದಿದ್ದರೆ ಹತ್ತನೆಯ ಒಂದು ಭಾಗ ಇಳಿಸಿ ಮತ್ತೆ ಹತ್ತಿ. ಗರಿಷ್ಠ ಎಷ್ಟು ಎತ್ತಬಲ್ಲೆ ಎಂದು ಪರೀಕ್ಷಿಸುವ ಚಪಲಕ್ಕೆ ಒಂದು ಸೂತ್ರವಿದೆ: ಎತ್ತಿದ ಬಾರಿಗಳನ್ನು 30ರಿಂದ ಭಾಗಿಸಿ, ಒಂದು ಕೂಡಿಸಿ, ತೂಕದಿಂದ ಗುಣಿಸಿ. 60 ಕೆ.ಜಿ.ಯನ್ನು ಐದು ಬಾರಿ ಎತ್ತಿದರೆ ಸುಮಾರು 70. ಅಂದಾಜೇ, ಆದರೆ ಬೆನ್ನು ಮುರಿಯದ ಅಂದಾಜು.

ಊಟದ ಬಗ್ಗೆ ಕೇಳುವವರಿಗೆ: ಮೈತೂಕದ ಒಂದು ಕೆ.ಜಿ.ಗೆ ದಿನಕ್ಕೆ ಒಂದೂವರೆ ಗ್ರಾಂ ಆಸುಪಾಸು ಪ್ರೋಟೀನ್ ಸಾಕು. ಮೊಟ್ಟೆಗೆ ಆರು ಗ್ರಾಂ ಲೆಕ್ಕ. ಪಂದಿಕರಿ (ಹಂದಿಮಾಂಸದ ಸಾರು) ತಿನ್ನುವ ಊರಿನಲ್ಲಿ ಡಬ್ಬಿಯ ಪುಡಿಗೆ ಅಷ್ಟು ದುಡ್ಡು ಸುರಿಯುವುದು ನನಗೆ ಅರ್ಥವಾಗಿಲ್ಲ. ಅಕ್ಕಿಯ ಉಂಡೆ ಕಡಂಬುಟ್ಟು ಎರಡು ಕಡಿಮೆ, ಕರಿ ಒಂದು ಸೌಟು ಹೆಚ್ಚು.

ಯಾರಿಗೆ ಯಾವುದು

ವಾರಕ್ಕೆ ಎರಡು ಮೂರು ದಿನ ತಪ್ಪದೆ ಬರುವವರು, ಪುಸ್ತಕದಲ್ಲಿ ತೂಕ ಬರೆದಿಡುವ ತಾಳ್ಮೆ ಇರುವವರು ರಾಡ್ ಹಿಡಿಯಲಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಕನಿಷ್ಠವೂ ವಾರಕ್ಕೆ ಎರಡು ದಿನವೇ. ಏಪ್ರಿಲ್-ಮೇ ತಿಂಗಳ ಕೊಡವ ಹಾಕಿ ಹಬ್ಬಕ್ಕೆ ಕುಟುಂಬದ ತಂಡದಲ್ಲಿ ಇಳಿಯುವ ಹುಡುಗ ಹುಡುಗಿಯರಿಗಂತೂ ಮಳೆಗಾಲವೇ ಸಮಯ. ಆಗ ಸ್ಕ್ವಾಟ್ ಕಟ್ಟಿಕೊಂಡು, ಪಂದ್ಯ ಹತ್ತಿರವಾದಾಗ ಭಾರ ಇಳಿಸಿ ಮೈದಾನಕ್ಕೆ ಹೋಗಲಿ. ಹಬ್ಬಕ್ಕೆ ಎರಡು ವಾರ ಇರುವಾಗ ಶುರುಮಾಡಿದರೆ ತೊಡೆ ನೋವಿನಲ್ಲಿ ಗೋಲ್‌ಕೀಪರ್ ಕೂಡ ಓಡಲಾರ.

ಕೆಲಸದ ಒತ್ತಡದಲ್ಲಿ ಯಾವಾಗ ಬರುತ್ತೇವೆಂದೇ ಗೊತ್ತಿಲ್ಲದವರಿಗೆ, ಮೊಣಕಾಲು ಅಥವಾ ಬೆನ್ನಿನ ನೋವಿಗೆ ಚಿಕಿತ್ಸೆ ಪಡೆಯುತ್ತಿರುವವರಿಗೆ, ಬೀಳುವ ಭಯವಿರುವ ಹಿರಿಯರಿಗೆ ಯಂತ್ರ. ಮನೆಯಲ್ಲೇ ಮಾಡುತ್ತೇನೆ ಎನ್ನುವವರಿಗೆ ಡಂಬೆಲ್. ತೋಳು ಮಾತ್ರ ಬೇಕು ಎನ್ನುವ ಹುಡುಗರಿಗೆ ಏನು ಹೇಳಿದರೂ ಕೇಳುವುದಿಲ್ಲ, ಬಿಟ್ಟಿದ್ದೇನೆ.

ನಮ್ಮ ಜಿಮ್‌ನ ರಾಡಿನ ಬಗ್ಗೆ ಕೆಲವು ಗುಟ್ಟು

ವೇಟ್‌ಲಿಫ್ಟಿಂಗ್ ಸ್ಪರ್ಧೆಯ ರಾಡ್ ಗಂಡಸರದು 20 ಕೆ.ಜಿ., ಹೆಂಗಸರದು 15. ನಮ್ಮದು ಸಣ್ಣ ತೂತಿನ ಪ್ಲೇಟ್ ಹಾಕುವ ಏಳಡಿ ರಾಡ್. ಎಲ್ಲರೂ ಅದನ್ನು 20 ಎಂದೇ ಎಣಿಸುತ್ತಿದ್ದರು. ಒಂದು ಭಾನುವಾರ ಅದನ್ನು ಮೆಟ್ಟಿಲಿಳಿಸಿ, ಕೆಳಗಿನ ಕಾಫಿ ವ್ಯಾಪಾರಿಯ ತೂಕದ ಯಂತ್ರದ ಮೇಲೆ ಇಟ್ಟೆವು. 16 ಕೆ.ಜಿ. 400 ಗ್ರಾಂ. ಬೆಂಚ್ ಪ್ರೆಸ್ಸಿನಲ್ಲಿ ನೂರು ಮುಟ್ಟಿದೆನೆಂದು ಲಡ್ಡು ಹಂಚಿದ್ದ ಹುಡುಗ ಒಂದು ವಾರ ನನ್ನೊಂದಿಗೆ ಮಾತಾಡಲಿಲ್ಲ. ಇಲ್ಲಿ ಕಾಫಿಯ ಬೆಲೆ ಹೇಳುವುದು 50 ಕೆ.ಜಿ. ಚೀಲದ ಲೆಕ್ಕದಲ್ಲಿ. ಹೆಗಲ ಮೇಲೆ 50 ಇಟ್ಟು ಸ್ಕ್ವಾಟ್ ಮಾಡಿದ ದಿನ ನಾನು ಮನೆಗೆ ಹೋಗಿ ಹೇಳಿದ್ದೂ "ಒಂದು ಚೀಲ" ಎಂದೇ. ಆ ಭಾನುವಾರದ ಮೇಲೆ ಆ ಚೀಲವನ್ನು ಮತ್ತೊಮ್ಮೆ ಎತ್ತಬೇಕಾಯಿತು.

ಡೆಡ್‌ಲಿಫ್ಟ್‌ಗೆ ಪ್ಲೇಟಿನ ಗಾತ್ರ ಮುಖ್ಯ. ಸ್ಪರ್ಧೆಯ ದೊಡ್ಡ ಪ್ಲೇಟಿನ ವ್ಯಾಸ 45 ಸೆಂ.ಮೀ., ಹಾಗಾಗಿ ರಾಡ್ ನೆಲದಿಂದ ಇಪ್ಪತ್ತೆರಡೂವರೆ ಸೆಂ.ಮೀ. ಮೇಲಿರುತ್ತದೆ. ನಮ್ಮ 10 ಕೆ.ಜಿ. ಪ್ಲೇಟ್ ಹಾಕಿದರೆ ರಾಡ್ ಕಾಲಿನ ಗಂಟಿಗಿಂತ ಸ್ವಲ್ಪವೇ ಮೇಲಿರುತ್ತದೆ, ಬಗ್ಗಿದರೆ ಬೆನ್ನು ಗೂನಾಗುತ್ತದೆ. ಮೂಲೆಯಲ್ಲಿ ನಾಲ್ಕು ಸಿಲ್ವರ್ ಓಕ್ ದಿಮ್ಮಿಗಳಿವೆಯಲ್ಲ, ನಮ್ಮ ತೋಟದಲ್ಲಿ ಗಾಳಿಗೆ ಬಿದ್ದ ಮರದಿಂದ ಕೊಯ್ಯಿಸಿ ತಂದವು. ಕಾಲೊರಸಲು ಅಲ್ಲ, ಪ್ಲೇಟಿನ ಕೆಳಗೆ ಇಡಲು. ಕಾಲಿಗೆ ಮೆತ್ತನೆಯ ಓಟದ ಶೂ ಬೇಡ, ಶಾಲೆಯ ಮಕ್ಕಳು ಹಾಕುವ ಬಿಳಿ ಕ್ಯಾನ್ವಾಸ್ ಶೂ ಸಾಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾಡ್ ತುಕ್ಕು ಹಿಡಿಯುತ್ತದೆ. ಬೆವರಿನ ಕೈಯಲ್ಲಿ ಹಿಡಿದು ಹಾಗೇ ಬಿಟ್ಟರೆ ಮೂರನೆಯ ದಿನಕ್ಕೆ ಹಿಡಿಯ ಒರಟು ಗೆರೆಗಳಲ್ಲಿ ಕೆಂಪು ಪುಡಿ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಬಟ್ಟೆಯಲ್ಲಿ ಎರಡು ಹನಿ ತೆಳು ಎಣ್ಣೆ ಸವರಿ, ಒಣಬಟ್ಟೆಯಲ್ಲಿ ಒರೆಸಬೇಕು. ಕೊಡವರ ಆಯುಧಪೂಜೆಯಾದ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿ ಒರೆಸುವ ಎಣ್ಣೆ ಮನೆಯಲ್ಲಿ ಇದ್ದರೆ ಅದೇ ಆಗುತ್ತದೆ. ತೆಂಗಿನೆಣ್ಣೆ ಬೇಡ, ಅಂಟಾಗುತ್ತದೆ.

ಕಳೆದ ಜುಲೈಯಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. ಟ್ರೆಡ್‌ಮಿಲ್ ಸಾಲಿನವರು ಕೈಕಟ್ಟಿ ನಿಂತಿದ್ದರು. ಎಮರ್ಜೆನ್ಸಿ ದೀಪದ ಬೆಳಕಿನಲ್ಲಿ ಭಾರ ಎತ್ತಬಾರದೆಂದು ನಾನೂ ಖಾಲಿ ರಾಡಿಗೆ ಇಳಿದಿದ್ದೆ. ಆ ಮೂರು ದಿನ ನಾಲ್ಕು ಜನ ಸರದಿಯಲ್ಲಿ ಬಂದು ಅದನ್ನು ಹೆಗಲಿಗಿಟ್ಟು ನೋಡಿದರು. ಕರೆಂಟ್ ಬಂದ ಮೇಲೆ ಇಬ್ಬರು ಟ್ರೆಡ್‌ಮಿಲ್‌ಗೆ ಮರಳಿದರು. ಉಳಿದ ಇಬ್ಬರಲ್ಲಿ ಸುಬೇದಾರರೂ ಒಬ್ಬರು. ಸೋಮವಾರ, ಬುಧವಾರ, ಶುಕ್ರವಾರ ಐದೂವರೆಯಿಂದ ಆರೂವರೆವರೆಗೆ ರ್ಯಾಕ್ ನಮ್ಮ ಮೂವರ ಕೈಯಲ್ಲಿರುತ್ತದೆ. ಮಂಗಳವಾರ, ಗುರುವಾರ, ಶನಿವಾರ ಖಾಲಿ.